ಕುಂತವರಿಗೆ ಏಳು ಅನ್ನಂಗಿಲ್ಲ

ಮಾತು ಕೊಟ್ಟಾಗ ಮಾನಮ್ಮನಿಗೆ ಆರು ವರ್ಷ. ಕೊಟ್ಟವನು ಅವಳ ಅಪ್ಪ ಅಣವೀರಪ್ಪ. ಕೊಟ್ಟಿದ್ದು ಕಮಲಾಪುರದ ಚರ್ಚಿನ ಬಯಲಿನಲ್ಲಿ, ಬೇವಿನ ಗಿಡದ ಬುಡದಲ್ಲಿ, ಫಾದರ್ ಸಾಲ್ವದೋರರ ಮುಂದೆ.

ಅದಕ್ಕೂ ಮೊದಲು ಅವರು ಮೂರು ದಿನ ನಡೆದಿದ್ದರು. ಭೀಮಾ ದಂಡೆಯ ಅವರ ಊರಲ್ಲಿ ಅಣವೀರಪ್ಪನ ತಮ್ಮ ಖಂಡೆಪ್ಪ ಗೌಡರ ಓಣಿಯಲ್ಲಿ ಸೈಕಲ್ಲಿನಿಂದ ಇಳಿಯದೆ ಹೋದ. ಅಷ್ಟೇ ತಪ್ಪು. ಹೊತ್ತು ಮುಳುಗುವುದರೊಳಗೆ ಸೈಕಲ್ಲು ಬಾವಿ ಸೇರಿತು. ಗುಡಿಸಲಿಗೆ ಬೆಂಕಿ ಬಿತ್ತು. ಖಂಡೆಪ್ಪನ ಮೊಣಕಾಲಿನ ಚಿಪ್ಪು ಒಡೆದರು. ಅವನನ್ನು ಬೆನ್ನ ಮೇಲೆ ಹಾಕಿಕೊಂಡು ಅಣವೀರಪ್ಪ ಹೊರಟ. ಹಿಂದೆ ಹೆಂಗಸರು, ಮಕ್ಕಳು, ಒಂದು ಹಿಟ್ಟಿನ ಬುಟ್ಟಿ.

ಕಮಲಾಪುರಕ್ಕೆ ಬಂದು ಬಸ್ ಸ್ಟ್ಯಾಂಡಿನಲ್ಲಿ ಕುಂತರು. ಏಳ್ರಿ ಅಂದರು. ಗುಡಿಯ ಕಟ್ಟೆಯ ಹತ್ತಿರ ಕುಂತರು. ಯಾವ ಮಂದಿ ಅಂತ ಕೇಳಿದರು, ಹೇಳಿದ ಮೇಲೆ ಏಳ್ರಿ ಅಂದರು. ಸಾಲಿಯ ಪಡಸಾಲೆಯಲ್ಲಿ ಕುಂತರು. ಮಾಸ್ತರ ಬೆತ್ತ ತೋರಿಸಿ ಏಳ್ರಿ ಅಂದ. ಊರ ಹೊರಗೆ ಒಂದು ತಗಡಿನ ಚಪ್ಪರ, ಮೇಲೆ ಶಿಲುಬೆ, ಪಕ್ಕದಲ್ಲಿ ಬೇವಿನ ಗಿಡ. ಅದರ ಕೆಳಗೆ ಕುಂತರು. ಒಳಗಿನಿಂದ ಬಿಳಿ ಅಂಗಿಯ ಒಬ್ಬ ಮನುಷ್ಯ ಬಂದ. ಏಳ್ರಿ ಅಂತಾನೆ ಅಂತ ಅವ್ವ ಬುಟ್ಟಿ ಎತ್ತಿ ತಲೆ ಮೇಲಿಟ್ಟುಕೊಂಡಳು.

"ಕುಂತ್ಕೊಳ್ಳಿ. ಊಟ ಆಯ್ತಾ?" ಅಂದ ಆ ಮನುಷ್ಯ.

ಎಂಟು ದಿನಕ್ಕೆ ಬಯಲಿನ ಒಂದು ಮೂಲೆ ಅವರಿಗಾಯಿತು. ಅಣವೀರಪ್ಪ ಬೇವಿನ ಬೊಡ್ಡೆಗೆ ಅಂಗೈ ಒತ್ತಿ ಫಾದರ್‌ಗೆ ಹೇಳಿದ. "ಈ ಗಿಡದ ಕೆಳಗ ಬಂದು ಕುಂತವರಿಗೆ ನಾನಾಗಲಿ, ನನ್ನ ಹೊಟ್ಯಾಗ ಹುಟ್ಟಿದವರಾಗಲಿ ಏಳು ಅನ್ನಂಗಿಲ್ಲ. ಇದು ನನ್ನ ಮಾತು ರೀ."

ಆ ವರ್ಷ ಕ್ರಿಸ್ತಜಯಂತಿಗೆ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆ, ಕಟ್ಟಿದವನೂ ಅವನೇ. ಮಣ್ಣು, ಸೆಗಣಿ, ಜೋಳದ ಕಣಿಕೆಯ ಗುಡಿಸಲು. ಅದರೊಳಗೆ ಹುಲ್ಲು. ಚಪ್ಪರಕ್ಕೆ ಬಾಗಿಲಿರಲಿಲ್ಲ, ನಾಯಿಗಳ ಕಾಟ. ಅದಕ್ಕೆ ಬಾಲಯೇಸುವಿನ ಮೂರ್ತಿಯನ್ನು ಅಣವೀರಪ್ಪನ ಮನೆಯ ಟ್ರಂಕಿನಲ್ಲಿಟ್ಟರು. ಹಬ್ಬದ ದಿನ ಅವನೇ ತಂದು ಮಲಗಿಸಿದ. ಮುಂದೆ ಚರ್ಚು ಕಲ್ಲಿನದಾಯಿತು, ಬಾಗಿಲು ಬಂತು, ಬೀಗ ಬಂತು. ಆದರೂ ಕೂಸು ಆ ಮನೆಯಲ್ಲೇ ಉಳಿಯಿತು. ಪ್ರತಿ ವರ್ಷ ಆ ಮನೆಯವರು ತಂದು ಮಲಗಿಸಬೇಕು. ಆಮೇಲೆ ಪೂಜೆ. ನಲವತ್ತೊಂದು ವರ್ಷದ ಪದ್ಧತಿ.

ಈಗ ಅಣವೀರಪ್ಪ ಇಲ್ಲ. ಫಾದರ್ ಸಾಲ್ವದೋರ್ ಇಲ್ಲ. ಬೇವಿನ ಗಿಡ ಅದೆ. ಮಾನಮ್ಮ ಇದ್ದಾಳೆ.

ಗಂಡ ಸತ್ತು ಏಳು ವರ್ಷ. ನಾಲ್ಕೂವರೆಗೆ ಎದ್ದು ರೊಟ್ಟಿ ಬಡಿದು ಆರಕ್ಕೆ ಕೆಂಪು ಬಾಳೆಯ ತೋಟದಲ್ಲಿರುತ್ತಾಳೆ. ಗೊನೆ ಹೊರುವುದು ಅವಳ ಕೆಲಸ. ತೋಟದ ಒಳಗಿನಿಂದ ಟೆಂಪೋ ನಿಲ್ಲುವ ತನಕ ಮುನ್ನೂರು ಹೆಜ್ಜೆ. ದಿನಕ್ಕೆ ಎಪ್ಪತ್ತು, ಎಂಬತ್ತು ಸಲ. ಬಲಗಡೆಯ ಹೆಗಲ ಮೇಲೆ ಲಿಂಬೆಹಣ್ಣಿನಷ್ಟು ಗಂಟು ಎದ್ದಿದೆ. ಬಾಳೆಯ ಸೊನೆ ಹತ್ತಿದ ಕೈ, ಕುತ್ತಿಗೆ, ಕುಪ್ಪಸ ಎಲ್ಲ ಕರ್ರಗೆ. ಸೀಮೆಎಣ್ಣೆ ಹಾಕಿ ತಿಕ್ಕಿದರೂ ಹೋಗದು. ಮಧ್ಯಾಹ್ನದ ಮೇಲೆ ಚರ್ಚಿನ ಕಸ ಹೊಡೆದು, ಬೆಂಚು ಒರೆಸಿ, ಸಂಜೆ ಮನೆ. ಮಗಳು ಅಂಜನಾ ಪಿಯುಸಿ ಮುಗಿಸಿ ಕುಂತಿದ್ದಾಳೆ. ಕಲಬುರಗಿಯಲ್ಲಿ ಸಿಸ್ಟರ್‌ಗಳ ನರ್ಸಿಂಗ್ ಶಾಲೆಯಲ್ಲಿ ಒಂದು ಸೀಟು ಬೇಕು. ಅದಕ್ಕೆ ಚರ್ಚಿನ ಸಮಿತಿಯ ಕಾಗದ ಬೇಕು. ಸಮಿತಿಗೆ ಅಧ್ಯಕ್ಷ ವಿವೇಕಾನಂದ ಮಾಸ್ತರ.

ಈ ವಿವೇಕಾನಂದ ಬೇರೆ ಯಾರೂ ಅಲ್ಲ. ಸೈಕಲ್ಲಿನಿಂದ ಇಳಿಯದ ಖಂಡೆಪ್ಪನ ಮಗ. ಮಾನಮ್ಮನಿಗೆ ತಮ್ಮ ಆಗಬೇಕು. ಹೈಸ್ಕೂಲಿನಲ್ಲಿ ಮಾಸ್ತರಿಕೆ, ಇಸ್ತ್ರಿ ಅಂಗಿ, ಬುಲೆಟ್ ಗಾಡಿ. ಆ ಗಾಡಿಯ ಮೇಲೆ ಯಾವ ಓಣಿಯಲ್ಲಿ ಹೋದರೂ ಇಳಿ ಅನ್ನುವವರಿಲ್ಲ.

ನವೆಂಬರಿನ ಒಂದು ರವಿವಾರ ಪೂಜೆಯ ನಡುವೆ ಅವರು ಬಂದರು. ಹನ್ನೊಂದು ಮಂದಿ, ಮೂರು ಸಂಸಾರ. ಹಿಂದೆ ಗೋಡೆಗೆ ಹತ್ತಿ ನೆಲದ ಮೇಲೆ ಮೊಣಕಾಲೂರಿದರು. ಬೆಂಚು ಖಾಲಿ ಇದ್ದವು, ಕೂಡಲಿಲ್ಲ. ಹಾಡು ಬಂದಾಗ ಅವರಲ್ಲಿ ಒಬ್ಬಳು ದನಿ ಎತ್ತಿದಳು. ರಾಗ ನಮ್ಮದೇ, ಮಾತು ಬೇರೆ. ಮುಂದಿನ ಬೆಂಚಿನವರು ತಿರುಗಿ ನೋಡಿದರು. ಅವಳು ಬಾಯಿ ಮುಚ್ಚಿಕೊಂಡಳು. ರಾಗ ಮಾತ್ರ ಮೂಗಿನಲ್ಲಿ ನಡೆದೇ ಇತ್ತು.

ಅವಳ ಹೆಸರು ಸಲೋಮಿ. ಗಂಡ ಪತರಸ್. ಜಾರ್ಖಂಡದವರು. ನೀರಿನ ಪೈಪಿಗೆ ತಗ್ಗು ತೋಡಲು ಗುತ್ತೇದಾರ ರೈಲು ಹತ್ತಿಸಿ ತಂದಿದ್ದ. ಕಮಲಾಪುರದ ಕಡೆಯ ಕೆಲಸ ಮುಗಿಯಿತು ಅಂತ ಶೆಡ್ಡು ಬಿಚ್ಚಿಸಿದ. ಮುಂದಿನ ಕೆಲಸ ಜನವರಿಗೆ, ಅಲ್ಲಿ ತನಕ ಎಲ್ಲಾದರೂ ಇರ್ರಿ ಅಂದ. ಅವರು ಶಿಲುಬೆ ಕಂಡ ಕಡೆ ಬಂದರು. ಬೇವಿನ ಗಿಡದ ಕೆಳಗೆ ನೀಲಿ ತಾಡಪತ್ರಿ ಕಟ್ಟಿದರು. ಗಂಡಸರು ಕಲ್ಲಿನ ಕ್ವಾರಿಗೆ ಲಾರಿ ತುಂಬಲು ಹೋದರು. ಸಲೋಮಿ ಕೆಳಗಿನ ಟೊಂಗೆಗೆ ಹಸಿರು ಸೀರೆ ಬಿಗಿದು ಆರು ತಿಂಗಳ ಕೂಸನ್ನು ತೂಗಿದಳು. ಮಾನಮ್ಮನ ತಮ್ಮನಿಗೂ ಅದೇ ಟೊಂಗೆಗೇ ಅವ್ವ ತೊಟ್ಟಿಲು ಕಟ್ಟಿದ್ದಳು. ಆ ತಮ್ಮ ಉಳಿಯಲಿಲ್ಲ.

ಮಾನಮ್ಮ ನಾಲ್ಕು ರೊಟ್ಟಿ, ಒಂದಿಷ್ಟು ಖಾರದ ಶೇಂಗಾ ಹಿಂಡಿ ಕಟ್ಟಿಕೊಂಡು ಹೋದಳು. ಸಲೋಮಿ ಒಂದು ತುತ್ತು ಬಾಯಿಗಿಟ್ಟು ಕಣ್ಣಲ್ಲಿ ನೀರು ತಂದುಕೊಂಡಳು.

"ದೀದಿ, ಮಿರ್ಚಿ ಹೈ ಕಿ ಆಗ್ ಹೈ?"

"ಆಗ್‌ಇಚ್ ಹೈ. ಖಾ. ಥಂಡಿ ಹತ್ತಂಗಿಲ್ಲ."

ಬೆಂಕೀನೇ ತಿನ್ನು ಅಂದಿದ್ದಕ್ಕೆ ಸಲೋಮಿ ನಕ್ಕಳು. ಮಾನಮ್ಮನೂ ನಕ್ಕಳು. ಕಲಬುರಗಿಯ ರೋಜಾ ಓಣಿಯ ವ್ಯಾಪಾರಸ್ಥರ ಟೆಂಪೋಗೆ ಬಾಳೆ ಏರಿಸಿ ಏರಿಸಿ ಅವಳಿಗೆ ಅಷ್ಟು ಭಾಷೆ ಬರುತ್ತಿತ್ತು. ಹರಕು ಮುರುಕು. ಆದರೂ ಬರುತ್ತಿತ್ತು. ಅದೇ ಮುಂದೆ ಅವಳ ಕುತ್ತಿಗೆಗೆ ಬಂತು.

ಡಿಸೆಂಬರ್ ಮೊದಲ ಶನಿವಾರ ಕಲಬುರಗಿಯಲ್ಲಿ ಒಂದು ದಿನದ ಶಿಬಿರ. ಪ್ರತಿ ಚರ್ಚಿನಿಂದ ಇಬ್ಬರು ಬರಬೇಕು, ಅದರಲ್ಲಿ ಒಬ್ಬಳು ಹೆಂಗಸು, ಕೂಲಿಯವಳಾದರೆ ಚಲೋ ಅಂತ ಕಾಗದ ಬಂದಿತ್ತು. ವಿವೇಕಾನಂದ ಮಾನಮ್ಮನನ್ನು ಕರೆದೊಯ್ದ. ಎದೆಗೆ ಚೀಟಿ ಚುಚ್ಚಿದರು, ಒಂದು ಫೈಲು, ಒಂದು ಪೆನ್ನು ಕೊಟ್ಟರು. ವೇದಿಕೆಯ ಹಿಂದೆ ದೊಡ್ಡ ಬ್ಯಾನರ್. ಅದರ ಮೇಲೆ ನಾಲ್ಕು ಮಾತು. ಬರಮಾಡಿಕೊಳ್ಳಿ. ಕಾಪಾಡಿ. ಬೆಳೆಸಿ. ಜೊತೆಗೂಡಿಸಿ.

ಬೆಂಗಳೂರಿನಿಂದ ಬಂದ ಒಬ್ಬ ಸಿಸ್ಟರ್ ಮಾತಾಡಿದರು. ದುಡಿಯಲು ಊರು ಬಿಟ್ಟು ಬಂದವರ ಬಗ್ಗೆ ಧರ್ಮಸಭೆ ಏನು ಹೇಳುತ್ತದೆ ಅಂತ. ಬಂದವನ ಹತ್ತಿರ ಕಾಗದ ಅದೆಯೋ ಇಲ್ಲವೋ ಕೇಳುವುದಕ್ಕಿಂತ ಮೊದಲು ಅವನಿಗೆ ಹಸಿವಾಗಿದೆಯೇ ಕೇಳಬೇಕು. ನೆಲ ದೇವರದು, ಅದರ ಮೇಲೆ ಮೊದಲು ಬಂದು ಕುಂತವನ ಹಕ್ಕು ದೊಡ್ಡದಲ್ಲ. ಯೇಸುವಿನ ಅವ್ವ ಅಪ್ಪ ಕೂಸನ್ನು ಕಟ್ಟಿಕೊಂಡು ಗಡಿ ದಾಟಿ ಈಜಿಪ್ಟಿಗೆ ಓಡಿದವರು. ಹೊರಗಿನವನನ್ನು ತಳ್ಳಿದವರು ಅವರನ್ನೇ ತಳ್ಳಿದ ಹಾಗೆ. ಇದನ್ನೆಲ್ಲ ರೋಮಿನಿಂದ ಬಂದ ಪತ್ರಗಳಲ್ಲಿ ಬರೆದಾರೆ ಅಂದರು.

ಮಾನಮ್ಮನಿಗೆ ಎಲ್ಲ ತಿಳಿಯಿತು. ಇದು ಅಪ್ಪನ ಮಾತು. ರೋಮಿಗೆ ಯಾರು ಮುಟ್ಟಿಸಿದರು?

ವಿವೇಕಾನಂದ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದ. ಎದ್ದು ನಿಂತು, "ನಮ್ಮ ಕಮಲಾಪುರದಾಗೂ ಜಾರ್ಖಂಡದ ಬಂಧುಗಳು ಆಶ್ರಯ ಪಡದಾರ್ರಿ," ಅಂತ ಹೇಳಿದ. ಅದಕ್ಕೂ ಚಪ್ಪಾಳೆ ಬಿತ್ತು. ಕೊನೆಗೆ ಈ ವರ್ಷದ ಗೋದಲಿ ಸ್ಪರ್ಧೆಯ ವಿಷಯ ಸಾರಿದರು. ಪರಸ್ಥಳದಲ್ಲಿ ಪವಿತ್ರ ಕುಟುಂಬ. ಇಪ್ಪತ್ನಾಲ್ಕನೇ ತಾರೀಖು ಪರೀಕ್ಷಕರು ಪ್ರತಿ ಊರಿಗೆ ಬರುತ್ತಾರೆ. ಗೆದ್ದವರಿಗೆ ಶೀಲ್ಡು.

ಸಂಜೆ ಸೂಪರ್ ಮಾರ್ಕೆಟ್ ಅನ್ನುವ ಪೇಟೆಯಲ್ಲಿ ಆಟೋಗಳ ಸಂದಿಯಲ್ಲಿ ನುಗ್ಗಿ ವಿವೇಕಾನಂದ ಮೂರು ಡಬ್ಬಿ ಲೈಟಿನ ಸರ ಕೊಂಡ. ಡಬ್ಬಿಗಳನ್ನು ಮಾನಮ್ಮನ ತಲೆ ಮೇಲಿಟ್ಟ. ಕಮಲಾಪುರದ ಬಸ್ಸಿನಲ್ಲಿ ಕುಂತ ಮೇಲೆ ಬಾಯಿ ತೆರೆದ.

"ಅಕ್ಕಾ, ಈ ಸಲ ಶೀಲ್ಡ್ ನಮ್ಮದೇ ಆಗಬೇಕು."

"ಆಗಲೇಳು."

"ಗೋದಲಿ ಬೇವಿನ ಗಿಡದ ಬಲ್ಲಿ ಹಾಕಣ. ಮರಿಯಮ್ಮ, ಜೋಸೆಫ, ಕತ್ತೆ, ಎಲ್ಲಾ ಆಳೆತ್ತರ. ರೋಡಿಗಿ ಕಾಣಬೇಕು."

"ಅಲ್ಲಿ ಸಲೋಮಿ ಮಂದಿ ಅದಾರಲ್ಲ."

"ಅದಕ್ಕೇ ಹೇಳ್ಲಾಕತ್ತೀನಿ. ಖಾಲಿ ಮಾಡಸಬೇಕು."

ಮಾನಮ್ಮ ತೊಡೆಯ ಮೇಲಿನ ಫೈಲು ನೋಡಿದಳು. ಅದರ ಮೇಲೂ ಅದೇ ನಾಲ್ಕು ಮಾತು.

"ತಮ್ಮಾ, ಮುಂಜಾನಿಂದ ಏನ್ ಕೇಳಿದಿವಿ ನಾವು?"

"ಅದು ಬ್ಯಾರೆ ಅಕ್ಕಾ," ಅಂದ ವಿವೇಕಾನಂದ. "ಅದು ಬೋಧನೆ."

ಎಂಟನೇ ತಾರೀಖು ಮರಿಯಮ್ಮನ ಹಬ್ಬ. ಪೂಜೆ ಮುಗಿಸಿ ಸಮಿತಿ ಕೂಡಿತು. ಮಾನಮ್ಮನಿಗೆ ಸಮಿತಿಯಲ್ಲಿ ಜಾಗ ಇಲ್ಲ. ಚಹಾ ಕೊಡಲು ಒಳಗಿದ್ದಳು. ಒಬ್ಬೊಬ್ಬರೂ ಒಂದೊಂದು ಮಾತು ತೆಗೆದರು. ಬಯಲಿಗೆ ಹೋಗ್ತಾರ, ವಾಸನಿ. ಅವರ ಗಂಡಸರು ಕುಡೀತಾರ. ನಮ್ಮ ಗಂಡಸರು ಕುಡಿಯುವುದಿಲ್ಲೇನು ಅಂತ ಯಾರೂ ಕೇಳಲಿಲ್ಲ.

"ಅದೆಲ್ಲಾ ಬಿಡ್ರಿ," ಅಂದ ವಿವೇಕಾನಂದ. "ನಾಳಿ ಯಾರರೆ ಪೊಲೀಸರಿಗಿ ಹೋಗಿ, ಹೊರಗಿನವರನ್ನ ತಂದು ಮತಾಂತರ ಮಾಡ್ಲಾಕತ್ತಾರ ಅಂದ್ರ? ಉತ್ತರ ಕೊಡವರು ಯಾರು? ನಾನ್ ಸರ್ಕಾರಿ ನೌಕರ."

"ಅವರ ಮುತ್ಯಾನ ಕಾಲದಿಂದ ಯೇಸಪ್ಪನ ಮಂದಿನೇ ಅದಾರ್ರೀ," ಅಂದಳು ಮಾನಮ್ಮ. ಕಪ್ಪುಗಳ ತಟ್ಟೆ ಕೈಯಲ್ಲೇ ಇತ್ತು. "ನಮಗಿಂತ ಹಳೇ ಕ್ರಿಸ್ತರವರು. ನಮಗ ನಲವತ್ತೊಂದು ವರ್ಷ. ಅವರಿಗಿ ನೂರು."

ಯಾರೋ ನಕ್ಕರು. ಫಾದರ್ ಲ್ಯಾನ್ಸಿ ಮಂಗಳೂರು ಕಡೆಯವರು, ಬಂದು ಎಂಟು ತಿಂಗಳು. ಮೆತ್ತಗಿನ ಮನುಷ್ಯ. ಕನ್ನಡಕ ತೆಗೆದು ಒರೆಸಿದರು.

"ನಿಮ್ಮ ಭಾವನೆ ನನಗೆ ಅರ್ಥ ಆಗ್ತದೆ ಮಾನಮ್ಮ. ಆದರೆ ಸಮಿತಿ ಅಂತ ಒಂದು ಉಂಟಲ್ಲ. ಹಬ್ಬ ಒಂದು ಕಳೀಲಿ. ಆಮೇಲೆ ಬೇಕಾದ್ರೆ ಬರಲಿ ಅವರು."

"ಆಮ್ಯಾಲೆ ಅವರು ಜನವರಿಗೆ ಹೋಗೇ ಬಿಡ್ತಾರ್ರೀ ಫಾದರ್."

ಫಾದರ್ ಕನ್ನಡಕ ಹಾಕಿಕೊಂಡರು. ಚಹಾ ಚಲೋ ಆಗಿದೆ ಅಂದರು.

ವಿವೇಕಾನಂದ ಹೊರಗೆ ಬಂದು ಅಕ್ಕನನ್ನು ಗೋಡೆಯ ಮರೆಗೆ ಕರೆದ. "ನಾವು ಹೇಳಿದ್ರ ಗದ್ದಲ ಆಗ್ತದ. ನಿನಗ ಅವರ ಭಾಷಾ ಬರ್ತದ. ನಿನ್ನ ಮಾತ್ ಕೇಳ್ತಾರ. ನೀನೇ ಹೇಳು."

"ನನ್ನ ಬಾಯಿಲೆ ಬರಂಗಿಲ್ಲ. ಕಾಕಾನೂ ಅಲ್ಲೇ ಕುಂತಿದ್ದ. ನಿಮ್ಮಪ್ಪನ್ನ ಆ ಗಿಡದ ಕೆಳಗೇ ಮಲಗಿಸಿದ್ವಿ."

"ಹಳೇದೆಲ್ಲಾ ಎಷ್ಟ್ ದಿನ ಅಗೀತಿ?" ಅಂದ ಅವನು. ಆಮೇಲೆ ದನಿ ತಗ್ಗಿಸಿದ. "ಅಂಜನಾನ ಕಾಗದ ಬರದು ಇಟ್ಟೀನಿ. ಸಹಿ ಒಂದು ಮಾಡೋದದ. ಸೋಮವಾರ ಕೊಟ್ಟು ಕಳಸ್ತೀನಿ."

ಅಷ್ಟೇ ಹೇಳಿದ. ಬೆದರಿಸಲಿಲ್ಲ. ಬುಲೆಟ್ ಹತ್ತಿ ಹೋದ.

ಆ ಸಂಜೆ ಮಾನಮ್ಮ ರೊಟ್ಟಿ ಸುಡುತ್ತಾ ಮಗಳ ಕಡೆ ನೋಡಿದಳು. ಅಂಜನಾ ನರ್ಸಿಂಗ್ ಶಾಲೆಯ ಪುಸ್ತಿಕೆ ತಿರುವುತ್ತಿದ್ದಳು. ಬಿಳಿ ಡ್ರೆಸ್ಸಿನ ಹುಡುಗಿಯರ ಫೋಟೋ. ಬೆಳ್ಳಗಿನ ಕೈ. ಸೊನೆಯ ಕಲೆ ಇಲ್ಲ. ಹಂಚಿನ ಮೇಲಿನ ರೊಟ್ಟಿ ಹೊತ್ತಿತು. ಮಾನಮ್ಮನಿಗೆ ವಾಸನೆ ಬರಲಿಲ್ಲ.

ಒಂಬತ್ತನೇ ತಾರೀಖು ಮಧ್ಯಾಹ್ನ ಗಂಡಸರು ಕ್ವಾರಿಯಲ್ಲಿದ್ದರು. ಬಯಲು ಹಸನು ಮಾಡಲು ಟ್ರ್ಯಾಕ್ಟರ್ ಗೇಟಿನಲ್ಲಿ ಬಂದು ನಿಂತಿತ್ತು, ಇಂಜಿನ್ ಬಂದ್ ಮಾಡಿರಲಿಲ್ಲ. ಸಲೋಮಿ ಕೂಸಿಗೆ ಮೊಲೆ ಕೊಡುತ್ತಾ ಕುಂತಿದ್ದಳು. ಮಾನಮ್ಮನನ್ನು ಕಂಡು ಗೋಣಿಚೀಲದ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದಳು.

ಮಾನಮ್ಮ ಕೂಡಲಿಲ್ಲ.

ದಾರಿಯುದ್ದಕ್ಕೂ ಅವಳು ಒಂದು ಲೆಕ್ಕ ಹಾಕಿದ್ದಳು. ಅಪ್ಪ ಮಾತು ಕೊಟ್ಟಿದ್ದು ನಮ್ಮ ಭಾಷೆಯಲ್ಲಿ. ಏಳು ಅನ್ನುವುದನ್ನು ಅವರ ಭಾಷೆಯಲ್ಲಿ ಹೇಳಿದರೆ ತಾಗಲಿಕ್ಕಿಲ್ಲ.

"ಉಠೋ ಸಲೋಮಿ," ಅಂದಳು.

ಸಲೋಮಿಗೆ ತಿಳಿಯಲಿಲ್ಲ. ಹಾವು ಗೀವು ಬಂತೋ ಅಂತ ಸುತ್ತ ನೋಡಿದಳು.

"ಯೇ ಜಗಾ ಖಾಲಿ ಕರ್ನಾ. ಆಜ್‌ಇಚ್. ಕಮಿಟಿ ಬೋಲಾ."

ಸಲೋಮಿ ಕೂಸಿನ ಬಾಯಿಂದ ಮೊಲೆ ಬಿಡಿಸಿದಳು. ಕೂಸು ಚೀರಿತು. ಎಲ್ಲಿಗೆ ಹೋಗುವುದು ದೀದಿ ಅಂತ ಕೇಳಲಿಲ್ಲ. ಯಾಕೆ ಅಂತಲೂ ಕೇಳಲಿಲ್ಲ. ಇಂಥ ಮಾತು ಕೇಳಿ ಅಭ್ಯಾಸ ಇದ್ದವರು ಎದ್ದು ನಿಲ್ಲುವ ರೀತಿಯೇ ಬೇರೆ. ಮೊದಲು ಕೂಸು. ಆಮೇಲೆ ಪಾತ್ರೆ. ಆಮೇಲೆ ಅಕ್ಕಿಯ ಚೀಲ. ಮಾನಮ್ಮನ ಅವ್ವ ಬುಟ್ಟಿ ಎತ್ತಿ ತಲೆ ಮೇಲಿಟ್ಟುಕೊಂಡಿದ್ದೂ ಹೀಗೇ. ಉಳಿದ ಇಬ್ಬರು ಹೆಂಗಸರು ಮಕ್ಕಳನ್ನು ಕೂಗಿ ಕರೆದರು. ತಾಡಪತ್ರಿಯ ಗಂಟುಗಳು ಎತ್ತರದಲ್ಲಿದ್ದವು. ತೊಟ್ಟಿಲಿನ ಸೀರೆ ಬಿಗಿದ ಗಂಟು ಸಲೋಮಿಯ ಕೈಗೆ ಬಿಚ್ಚಲು ಬರಲಿಲ್ಲ. ಟ್ರ್ಯಾಕ್ಟರಿನವನು ಹಾರ್ನ್ ಒತ್ತಿದ. ಅವರು ಅಷ್ಟನ್ನೂ ಬಿಟ್ಟು ಗೇಟು ದಾಟಿದರು.

ಸಂಜೆ ಪತರಸ್ ತಾಡಪತ್ರಿ ಒಯ್ಯಲು ಬಂದ. ಗೇಟಿಗೆ ಬೀಗ ಬಿದ್ದಿತ್ತು. ಸ್ವಲ್ಪ ಹೊತ್ತು ಸರಳು ಹಿಡಿದು ನಿಂತು ಹೋದ. ಮಾನಮ್ಮ ಚರ್ಚಿನ ಕಿಟಕಿ ಒರೆಸುತ್ತಾ ಅದನ್ನು ನೋಡಿದಳು. ಬೀಗದ ಕೈ ಅವಳ ಸೊಂಟದಲ್ಲೇ ಇತ್ತು.

ಸೋಮವಾರ ಕಾಗದ ಬಂತು. ಅಂಜನಾ ಓದಿ ಕುಣಿದಳು.

ಹದಿನೈದು ದಿನ ಮಾನಮ್ಮನ ಕಾಲು ಒಂದು ಕಡೆ ನಿಲ್ಲಲಿಲ್ಲ. ತೋಟದಲ್ಲಿ ಗೊನೆ ಹೊತ್ತು ತಪ್ಪು ಸಾಲಿಗೆ ಹೋಗುತ್ತಿದ್ದಳು. ಕುಂತರೆ ಯಾರೋ ಏಳು ಅಂದ ಹಾಗೆ ಎದ್ದು ಬಿಡುತ್ತಿದ್ದಳು. ಒಂದು ಮುಂಜಾನೆ ಹೈವೇಯ ಬದಿಗೆ ಟೆಂಪೋ ಕಾಯುವಾಗ ಪಂಚರ್ ಅಂಗಡಿಯ ನಬಿಸಾಬ್ ಕರೆದ. ಅರವತ್ತರ ಮುದುಕ, ಬಾಯಿ ಹರಿತ.

"ಏನವಾ ಮಾನಮ್ಮ, ನಿಮ್ಮ ಯೇಸಪ್ಪನ ಮಂದಿ ನನ್ನ ಅಂಗಡಿ ಹಿಂದ ಬಂದು ಕುಂತಾರ. ನಿಮ್ಮ ಗುಡ್ಯಾಗ ಜಾಗಾ ತುಂಬ್ಯಾದೇನು?"

ಅಂಗಡಿಯ ಹಿಂದೆ ಹಳೆಯ ಟೈರುಗಳ ನಡುವೆ, ಹರಿದ ಫ್ಲೆಕ್ಸಿನ ಕೆಳಗೆ ಅವರಿದ್ದರು. ಕೂಸು ಕೆಮ್ಮುತ್ತಿತ್ತು.

"ನೀನ್ಯಾಕ ಇಟ್ಕೊಂಡಿ?" ಅಂದಳು ಮಾನಮ್ಮ.

"ನಾನೇನ್ ಇಟ್ಕೊಂಡಿಲ್ಲವಾ. ಕುಂತ್ರು. ಏಳ್ರಿ ಅಂತ ಹ್ಯಾಂಗ ಅನ್ನಲಿ?"

ಟೆಂಪೋ ಬಂತು. ಅವಳು ಹತ್ತಿದಳು.

ಗೋದಲಿ ಕಟ್ಟುವ ಕೆಲಸ ಯಾವಾಗಲೂ ಅವಳದೇ. ಈ ಸಲ ಮಣ್ಣಿನ ಗುಡಿಸಲು ಬೇಡ ಅಂದ ವಿವೇಕಾನಂದ. "ಪರದೇಶಿ ಅಂದ ಮ್ಯಾಲೆ ಡೇರೆ ಇರಬೇಕು ಅಕ್ಕಾ. ಅವರ ತಾಡಪತ್ರಿ ಅದಲ್ಲ, ಅದನ್ನೇ ಬಿಡು, ಅಸಲಿ ಕಾಣ್ತದ. ಮೂರು ಒಲಿಗಲ್ಲೂ ಅಲ್ಲೇ ಇರಲಿ. ಆ ಸೀರಿ ತೊಟ್ಟಿಲಾ ಇಳಿಸಿ ಮರಿಯಮ್ಮನ ಮುಂದ ಕಟ್ಟು. ಬಾಲಯೇಸುನ್ನ ಅದರಾಗೇ ಮಲಗಸಣ. ಯಾವ ಊರವರಿಗೂ ಈ ಐಡಿಯಾ ಹೊಳದಿಲ್ಲ."

ಆಳೆತ್ತರದ ಮರಿಯಮ್ಮ ಬಂದಳು. ತುಟಿಗೆ ಕೆಂಪು ಬಣ್ಣ. ಜೋಸೆಫನ ಕೈಗೆ ಕೋಲು. ಸಲೋಮಿ ಹೊಗೆ ಹಿಡಿಸಿದ ಮೂರು ಕಲ್ಲಿನ ನಡುವೆ ಕೆಂಪು ಬಲ್ಬು ಇಟ್ಟು ಬೆಂಕಿ ಮಾಡಿದರು. ಮೇಲೆ ನಾಲ್ಕು ಮಾತಿನ ಬ್ಯಾನರ್. ಮಾನಮ್ಮ ಟೊಂಗೆಗೆ ಏಣಿ ಹಾಕಿ ಹಸಿರು ಸೀರೆಯ ಗಂಟು ಬಿಚ್ಚಿದಳು. ಹಲ್ಲು ಹಚ್ಚಿ ಎಳೆಯಬೇಕಾಯಿತು. ಮೂಗಿಗೆ ವಾಸನೆ ಹೊಡೆಯಿತು. ಹುಳಿ ಹಾಲು, ಉಚ್ಚೆ, ಎಳೆ ಕೂಸಿನ ತಲೆಯ ಎಣ್ಣೆ.

ಏಣಿಯ ಮೇಲೆ ಅವಳು ಎಷ್ಟು ಹೊತ್ತು ನಿಂತಳೋ. ಕೆಳಗಿನಿಂದ ಅಂಜನಾ, "ಎವ್ವಾ, ಬೀಳ್ತಿ, ಇಳಿ," ಅಂದಳು.

"ಆ ಕೂಸಿಗಿ ಈಗ ತೊಟ್ಟಿಲಿಲ್ಲ," ಅಂದಳು ಮಾನಮ್ಮ.

"ಯಾವ ಕೂಸಿಗಿ?"

ಆಗ ಹೇಳಿದಳು. ಕಾಗದ ಹೇಗೆ ಬಂತು ಅಂತ. ಬೀಗದ ಕೈ ಎಲ್ಲಿತ್ತು ಅಂತ. ಅಂಜನಾ ಏಣಿ ಹಿಡಿದುಕೊಂಡೇ ಕೇಳಿದಳು. ಆ ರಾತ್ರಿ ಅವಳು ಪುಸ್ತಿಕೆ ತೆರೆಯಲಿಲ್ಲ.

ಇಪ್ಪತ್ನಾಲ್ಕು. ಫಾದರ್ ರಾತ್ರಿ ಕಲಬುರಗಿಯ ಪೂಜೆಗೆ ಹೋಗಬೇಕು, ಅದಕ್ಕೆ ಕಮಲಾಪುರದಲ್ಲಿ ಸಂಜೆ ಐದೂವರೆಗೆ ಪೂಜೆ. ಐದಕ್ಕೆ ಪರೀಕ್ಷಕರ ಜೀಪು ಬಂತು. ಮೂವರು. ವಿವೇಕಾನಂದ ಶಾಲು ಹೊದಿಸಿದ. ಬಯಲು ತುಂಬ ಜನ, ಹೊಸ ಸೀರೆ, ಹೊಸ ಅಂಗಿ. ಲೈಟಿನ ಸರ ಮಿಣಮಿಣ ಅಂದವು.

"ಎಷ್ಟು ನೈಜವಾಗಿದೆ!" ಅಂದರು ಒಬ್ಬ ಪರೀಕ್ಷಕರು. ತಾಡಪತ್ರಿ ಮುಟ್ಟಿ ನೋಡಿದರು. "ನಿಜವಾದ ವಲಸೆಗಾರರ ಗುಡಾರದ ಹಾಗೇ ಇದೆ."

"ಖರೇನೇ ಅದರೀ ಸರ್," ಅಂದ ವಿವೇಕಾನಂದ. "ಎಲ್ಲಾ ಅಸಲಿ ಸಾಮಾನು."

ಚೀಟಿಯಲ್ಲಿ ಏನೋ ಬರೆದುಕೊಂಡರು. ಫಾದರ್ ಲ್ಯಾನ್ಸಿ ಹಬ್ಬದ ಬಂಗಾರದ ಬಣ್ಣದ ಅಂಗಿಯಲ್ಲಿ ಬಂದರು. ಗಂಟೆ ಹೊಡೆಯಿತು. ಪದ್ಧತಿಯ ಪ್ರಕಾರ ಜನ ಎರಡು ಕಡೆ ಸರಿದು ದಾರಿ ಬಿಟ್ಟರು. ಆ ದಾರಿಯಲ್ಲಿ ಮಾನಮ್ಮ ಬಂದಳು. ಎದೆಗೆ ಒತ್ತಿಕೊಂಡ ಬಾಲಯೇಸು. ಅಪ್ಪನ ಧೋತರದ ತುಂಡಿನಲ್ಲಿ ಸುತ್ತಿದ್ದು, ಬಲಗೈಯ ಹೆಬ್ಬೆರಳು ಮುರಿದದ್ದು. ಹಿಂದೆ ಅಂಜನಾ.

ಮಾನಮ್ಮ ಗೋದಲಿಯ ಮುಂದೆ ನಿಂತಳು. ಹಾಡು ಮುಗಿಯಿತು. ಅವಳು ಬಗ್ಗಲಿಲ್ಲ.

"ಅಕ್ಕಾ, ಮಲಗಸು," ಅಂದ ವಿವೇಕಾನಂದ.

"ಮಲಗಸಂಗಿಲ್ಲ."

"ಹಾಂ?"

"ಮಲಗಸಂಗಿಲ್ಲ ಅಂದೆ. ಈ ತೊಟ್ಟಿಲಾ ಬ್ಯಾರೆ ಕೂಸಿಂದದ. ಆ ಕೂಸು ನಬಿಸಾಬನ ಪಂಚರ್ ಅಂಗಡಿ ಹಿಂದ ಕೆಮ್ಮಕೋತ ಮಲಗ್ಯಾದ. ಈ ತಾಡಪತ್ರಿ ಅವರಪ್ಪಂದು. ಈ ಕಲ್ಲು ಅವರವ್ವನ ಒಲಿ. ಇದನ್ನೆಲ್ಲಾ ಕಸಗೊಂಡು ಇಟ್ಟೀವಿ. ಸುಳ್ಳ ಪರದೇಶಿಗಿ ಲೈಟ್ ಹಾಕೀವಿ. ಖರೇ ಪರದೇಶಿಗಿ ಬೀಗ ಹಾಕೀವಿ."

"ಅಕ್ಕಾ, ದೊಡ್ಡವರು ಬಂದಾರ. ಸುಮ್ನಿರು."

"ಬರ್ಲಿ. ಬರಕೋರ್ರೀ ಸರ್ ಇದನ್ನೂ," ಅಂತ ಅವಳು ಪರೀಕ್ಷಕರ ಕಡೆ ತಿರುಗಿದಳು. "ಎಬ್ಬಿಸಿದವಳು ನಾನೇ. ನನ್ನ ಬಾಯಿಲೇ ಎಬ್ಬಿಸಿದೆ. ಮಗಳ ಕಾಗದದ ಸಲುವಾಗಿ ಎಬ್ಬಿಸಿದೆ. ಅದನ್ನೂ ಬರಕೋರಿ."

ಪರೀಕ್ಷಕರ ಪೆನ್ನು ನಿಂತಿತು. ಹಿಂದಿನಿಂದ ಯಾರೋ, "ತಲಿ ಕೆಟ್ಟದ ಆಕೀಗಿ," ಅಂದರು. ವಿವೇಕಾನಂದ ಹತ್ತಿರ ಬಂದು ಹಲ್ಲು ಕಚ್ಚಿ ಹೇಳಿದ.

"ಅಂಜನಾನ ಸೀಟು ನೆನಪಿರಲಿ. ಒಂದು ಫೋನ್ ಹಚ್ಚಿದ್ರ ಮುಗೀತು."

ಮಾನಮ್ಮ ಬಾಯಿ ತೆರೆಯುವುದರೊಳಗೆ ಅಂಜನಾ ಮುಂದೆ ಬಂದಳು. ಪರ್ಸಿನಿಂದ ಕಾಗದ ತೆಗೆದಳು. ಅದನ್ನು ಮಡಚಿ ಅವನ ಇಸ್ತ್ರಿ ಅಂಗಿಯ ಕಿಸೆಯಲ್ಲಿಟ್ಟಳು.

"ಇಟ್ಕೋ ಮಾಮಾ," ಅಂದಳು.

"ನಿಮ್ಮಪ್ಪನ ಸೈಕಲ್ ಇನ್ನೂ ಆ ಬಾವ್ಯಾಗೇ ಅದ ವಿವೇಕಾ," ಅಂದಳು ಮಾನಮ್ಮ. "ಒಂದಿನ ಹೋಗಿ ಬಗ್ಗಿ ನೋಡಿ ಬಾ."

ಅವನ ಮುಖ ಸತ್ತಿತು. ಅಷ್ಟು ಜನರ ನಡುವೆ ಅವನ ತಲೆ ಬಗ್ಗಿದ್ದು ಅದೇ ಮೊದಲು.

"ಮಾನಮ್ಮ," ಅಂದರು ಫಾದರ್ ಲ್ಯಾನ್ಸಿ, "ಪೂಜೆಗೆ ಹೊತ್ತಾಯ್ತು. ಬಾಲಯೇಸುವನ್ನು..."

"ತಗೋರ್ರೀ."

ಅವಳು ಕೂಸನ್ನು ಫಾದರ್ ಕೈಯಲ್ಲಿಟ್ಟಳು. "ನಲವತ್ತೊಂದು ವರ್ಷ ನಮ್ಮ ಮನ್ಯಾಗಿದ್ದ. ಇನ್ನ ನನ್ನ ಮನಿಗಿ ಬ್ಯಾಡ. ನಂದು ಆ ಯೋಗ್ಯತಾ ಹೋಯ್ತು. ಎಲ್ಲಿ ಮಲಗಸ್ತೀರಿ ನೀವೇ ನೋಡ್ಕೋರಿ."

ಆಮೇಲೆ ಅವಳು ಮರಿಯಮ್ಮನ ಮುಂದಿನ ತೊಟ್ಟಿಲು ಬಿಚ್ಚಿದಳು. ಯಾರೂ ಹತ್ತಿರ ಬರಲಿಲ್ಲ. ಅಂಜನಾ ತಾಡಪತ್ರಿಯ ಒಂದು ತುದಿ ಹಿಡಿದಳು, ಮಾನಮ್ಮ ಇನ್ನೊಂದು ತುದಿ. ಎಳೆದರು. ಲೈಟಿನ ಸರ ಹರಿದು ಜೊತೆಗೇ ಬಂತು. ಬ್ಯಾನರ್ ಒಂದು ಕಡೆ ಜೋತುಬಿತ್ತು. ಆಳೆತ್ತರದ ಮರಿಯಮ್ಮ, ಜೋಸೆಫ, ಕತ್ತೆ ಬಯಲಲ್ಲಿ ನಿಂತವು. ಫಾದರ್ ಬಂಗಾರದ ಅಂಗಿಯಲ್ಲಿ ಕೂಸು ಹಿಡಿದು ನಿಂತಿದ್ದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಅದನ್ನು ಇಡಲು ಜಾಗ ಇರಲಿಲ್ಲ.

ಒಂದು ಕಿಲೋಮೀಟರು. ತಾಡಪತ್ರಿ ಮಾನಮ್ಮನ ಗಂಟಿನ ಹೆಗಲ ಮೇಲೆ, ಮೂರು ಕಲ್ಲು ಅಂಜನಾನ ಸೆರಗಿನ ಜೋಳಿಗೆಯಲ್ಲಿ. ಹೈವೇಯ ಲಾರಿಗಳು ದೀಪ ಹಚ್ಚಿಕೊಂಡು ಹೋಗುತ್ತಿದ್ದವು. ನಬಿಸಾಬ್ ಟ್ಯೂಬು ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಿದ್ದ. ತಲೆ ಎತ್ತಿ ನೋಡಿ ಹಿಂದೆ ಅಂತ ಗದ್ದದಿಂದಲೇ ತೋರಿಸಿದ.

ಅವರು ಗಂಟುಮೂಟೆ ಕಟ್ಟಿ ಕುಂತಿದ್ದರು. ಹುಮನಾಬಾದ್ ಕಡೆ ಹೋಗುವ ಒಂದು ಲಾರಿ ಕಾಯುತ್ತಿದ್ದರು. ಅಲ್ಲಿ ಯಾವುದೋ ಇಟ್ಟಂಗಿ ಭಟ್ಟಿಯಲ್ಲಿ ಕೆಲಸ, ಇರಲು ಜಾಗ ಕೊಡುತ್ತಾರಂತೆ.

"ವಾಪಸ್ ಚಲೋ," ಅಂದಳು ಮಾನಮ್ಮ. ಉಸಿರು ಹತ್ತಿತ್ತು. "ಝಾಡ್ ಕೆ ನೀಚೆ. ಮೈ ಹೂಂ. ಅಬ್ ಕೋಯಿ ನಹೀ ಬೋಲ್ತಾ." ಗಿಡದ ಕೆಳಗೆ ನಾನಿದ್ದೀನಿ, ಈಗ ಯಾರೂ ಏನೂ ಅನ್ನುವುದಿಲ್ಲ ಅಂತ.

ಪತರಸ್ ಅವಳ ಮುಖ ನೋಡಿದ. ಸಿಟ್ಟಿರಲಿಲ್ಲ.

"ಫಿರ್ ಉಠಾಯಾ ತೋ, ದೀದಿ?"

ಮತ್ತೆ ಎಬ್ಬಿಸಿದರೆ? ಹೋದ ಸಲ ಎಬ್ಬಿಸಿದವಳು ಮಾನಮ್ಮನೇ.

ಅವಳು ಹಸಿರು ಸೀರೆ ಮುಂದೆ ಹಿಡಿದಳು. ಸಲೋಮಿ ತೆಗೆದುಕೊಂಡಳು. ಮುಖಕ್ಕೆ ಒತ್ತಿ ಮೂಸಿದಳು. ಕೂಸಿನ ಮೈಗೆ ಎರಡು ಸುತ್ತು ಸುತ್ತಿದಳು. ಕೂಸು ಕೆಮ್ಮಿ ಸುಮ್ಮನಾಯಿತು. ಆಮೇಲೆ ಅವಳು ಗೋಣಿಚೀಲದ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದಳು.

"ಬೈಠೋ ದೀದಿ," ಅಂದಳು.

ಮಾನಮ್ಮ ಕುಂತಳು. ಅಂಜನಾ ಕಲ್ಲು ಇಳಿಸಿ ಪಕ್ಕದಲ್ಲಿ ಕುಂತಳು. ಲಾರಿ ಬರುವ ತನಕ ಯಾರೂ ಅವರನ್ನು ಏಳು ಅನ್ನಲಿಲ್ಲ. ಲಾರಿ ಬಂದಾಗ ಅವರೇ ಎದ್ದರು. ಹನ್ನೊಂದು ಮಂದಿಯೂ ಹತ್ತಿದರು. ತಾಡಪತ್ರಿಯನ್ನು ಮಾನಮ್ಮ ಕೈ ಎತ್ತಿ ಕೊಟ್ಟಳು.

ಅಣವೀರಪ್ಪ ಕೊಟ್ಟ ಮಾತು ಡಿಸೆಂಬರ್ ಒಂಬತ್ತಕ್ಕೆ ಮುರಿಯಿತು. ಮುರಿದವಳು ಅವನ ಮಗಳು.